ಲಿಸ್ಟ್ ಬಂದ ಮೇಲೂ ಓಡಿ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲೂ ಸುತ್ತಲ ಹಳ್ಳಿಗಳಲ್ಲೂ ಬೆಳಗಿನ ಜಾವ ಎದ್ದು ರಸ್ತೆಗಿಳಿಯುವ ತಮ್ಮಂದಿರಿಗೆ, ತಂಗಿಯರಿಗೆ,

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಕರೆಯುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ನಮ್ಮ ರಸ್ತೆಗೆ ಜೀವ ಬರುತ್ತದೆ. ಐದೂಕಾಲಿಗೆಲ್ಲ ಕತ್ತಲಲ್ಲಿ ಹೆಜ್ಜೆ ಸದ್ದು, ಮೊಬೈಲ್ ಟಾರ್ಚು, ಯಾರದೋ ಜೇಬಿನೊಳಗಿಂದ ಸಿನಿಮಾ ಹಾಡು. ಸೆಲೆಕ್ಷನ್ ಲಿಸ್ಟ್ ಬಂದ ವಾರ ನೋಡಿ, ಅದೇ ರಸ್ತೆಯಲ್ಲಿ ಡೇರಿಗೆ ಹಾಲು ಹಾಕಲು ಹೊರಟವರನ್ನು ಬಿಟ್ಟರೆ ನರಪಿಳ್ಳೆ ಇರುವುದಿಲ್ಲ. ಹೆಸರು ಬಂದವರು ಟ್ರೈನಿಂಗಿಗೆ ಹೋದರು, ಅದು ಸರಿ. ಹೆಸರು ಬಾರದವರು ಯಾಕೆ ನಿಲ್ಲಿಸಿದರು? ಅದಕ್ಕಿಂತ ಹೆಚ್ಚಾಗಿ, ಟ್ರೈನಿಂಗ್ ಮುಗಿಸಿ ಠಾಣೆಗೆ ಬಂದವರು ನಾಲ್ಕೈದು ವರ್ಷದಲ್ಲಿ ಬೆಲ್ಟಿನ ಮೇಲೆ ಹೊಟ್ಟೆ ಇಳಿಬಿಟ್ಟುಕೊಂಡು ಹಬ್ಬಕ್ಕೆ ಊರಿಗೆ ಬರುತ್ತಾರಲ್ಲ, ಅವರು ಯಾಕೆ ನಿಲ್ಲಿಸಿದರು? ನನ್ನ ತಕರಾರು ಇರುವುದು ಇಷ್ಟೇ. ಅದನ್ನು ಒಬ್ಬೊಬ್ಬರಿಗೆ ಹೇಳುತ್ತಾ ಕೂತರೆ ಉಪದೇಶ ಅನ್ನಿಸುತ್ತದೆ, ಆದ್ದರಿಂದ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಮುಖ ಗೊತ್ತು. ತಲೆಗೆ ಟೋಪಿ ಹಾಕಿಕೊಂಡು, ನಿಮ್ಮ ಅರ್ಧ ವೇಗದಲ್ಲಿ, ಕೆಂಪೇಗೌಡರ ಸಮಾಧಿ ಕಡೆಯಿಂದ ಬರುತ್ತಿರುತ್ತೇನಲ್ಲ, ಆ ಮನುಷ್ಯ. ಐವತ್ತು ದಾಟಿದೆ. 'ಅಣ್ಣಾ, ನೀವ್ಯಾವ ಎಕ್ಸಾಮಿಗೆ ಓಡ್ತಿದೀರಾ?' ಅಂತ ನಿಮ್ಮಲ್ಲೊಬ್ಬ ಕೇಳಿದ್ದ. ಯಾವುದಕ್ಕೂ ಇಲ್ಲ ಅಂದೆ. ಶುಗರ್ ಇದೆಯಾ ಅಂದ. ಅದೂ ಇಲ್ಲ ಅಂದಾಗ ಅವನಿಗೆ ಮುಂದೇನು ಕೇಳಬೇಕೋ ತೋಚಲಿಲ್ಲ. ಕೆಲಸಕ್ಕಾಗಿ ಓಡಬಹುದು, ಕಾಯಿಲೆಗಾಗಿ ಓಡಬಹುದು. ಎರಡೂ ಇಲ್ಲದೆ ಓಡುವವನು ನಮ್ಮ ಕಡೆ ಇನ್ನೂ ವಿಚಿತ್ರ ಪ್ರಾಣಿಯೇ.

ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಸಾವನದುರ್ಗದ ಬುಡದಲ್ಲೋ ಮಂಚನಬೆಲೆ ಜಲಾಶಯದ ಕಡೆಯೋ ಓಡುವವರನ್ನು ನೀವು ನೋಡಿದ್ದೀರಿ. ಮಣಿಕಟ್ಟಿಗೆ ದೂರ ಅಳೆಯುವ ಗಡಿಯಾರ, ಬೆನ್ನಿಗೆ ಕೊಳವೆ ಇರುವ ನೀರಿನ ಚೀಲ, ಗಿಣಿಹಸಿರು ಬಣ್ಣದ ಶೂ. 'ದುಡ್ಡು ಕೊಟ್ಟು ಓಡ್ತಾರಂತೆ' ಅಂತ ನೀವು ನಗುವುದೂ ನನ್ನ ಕಿವಿಗೆ ಬಿದ್ದಿದೆ. ನಿಜ, ದುಡ್ಡು ಕೊಟ್ಟೇ ಓಡುತ್ತಾರೆ. ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾಯಿತು, ಈಗ ಅದರಲ್ಲಿ ಸಾವಿರಗಟ್ಟಲೆ ಜನ. ಶ್ರೀರಂಗಪಟ್ಟಣದ ರಂಗನತಿಟ್ಟಿನ ಹತ್ತಿರ ಕಾಲುವೆ ಏರಿಯ ಮೇಲೆ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಇದೆ, ಅಲ್ಲಿ 50 ಕಿಲೋಮೀಟರಿಗೂ ಮೀರಿ ಓಡುವವರಿದ್ದಾರೆ. ಅಷ್ಟೆಲ್ಲ ಖರ್ಚಿನ ಹುಚ್ಚು ನಿಮಗೆ ಹತ್ತಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಗುಂಪಿನಲ್ಲಿ ನಲವತ್ತು, ಐವತ್ತು, ಅರವತ್ತು ದಾಟಿದವರು ಎಷ್ಟು ಜನ ಇದ್ದಾರೆ ಒಮ್ಮೆ ನೋಡಿ. ನಿಮ್ಮ ಗುಂಪಿನಲ್ಲಿ ನೇಮಕಾತಿಯ ವಯಸ್ಸು ಮೀರಿದವರು ಒಬ್ಬರೂ ಇಲ್ಲ. ಅರ್ಜಿ ಹಾಕುವ ಅರ್ಹತೆ ಹೋದ ದಿನವೇ ಓಡುವ ಅರ್ಹತೆಯೂ ಹೋಯಿತು ಅಂದುಕೊಂಡುಬಿಡುತ್ತೀರಿ.

ಇರಲಿ, ಮೊದಲು ನಿಮ್ಮ ಲೆಕ್ಕಕ್ಕೇ ಬರುತ್ತೇನೆ, ಇಲ್ಲದಿದ್ದರೆ ಪತ್ರವನ್ನು ಇಲ್ಲಿಗೇ ಮಡಚಿಡುತ್ತೀರಿ. ನಮ್ಮ ರಾಜ್ಯದ ಕಾನ್‌ಸ್ಟೆಬಲ್ ಪರೀಕ್ಷೆಗೆ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಎಸ್‌ಎಸ್‌ಸಿ ಜಿಡಿ, ಅಂದರೆ ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ 5 ಕಿಲೋಮೀಟರ್, 24 ನಿಮಿಷ. ಸೇನೆಯ ಅಗ್ನಿವೀರ್ ರ‍್ಯಾಲಿಯಲ್ಲಿ 1600 ಮೀಟರಿಗೆ ಐದೂವರೆ ನಿಮಿಷದೊಳಗೆ ಬಂದವರಿಗೆ ಪೂರ್ತಿ ಅಂಕ. ಆರೂವರೆ ನಿಮಿಷವನ್ನು ನಾಲ್ಕು ಸುತ್ತಿಗೆ ಹಂಚಿದರೆ ಒಂದು ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ನೀವು ಮಾಡುವುದೇನು? ಶಿಳ್ಳೆ ಬಿದ್ದ ತಕ್ಷಣ ಬಾಲಕ್ಕೆ ಪಟಾಕಿ ಕಟ್ಟಿದ ಕರುವಿನ ಹಾಗೆ ನುಗ್ಗಿ ಮೊದಲ ಸುತ್ತನ್ನು 80 ಸೆಕೆಂಡಿಗೆ ಮುಗಿಸುತ್ತೀರಿ. ಎರಡನೆಯದು ಹೇಗೋ ಆಗುತ್ತದೆ. ಮೂರನೆಯದರಲ್ಲಿ ತೊಡೆ ಕಲ್ಲಾಗುತ್ತದೆ, ನಾಲ್ಕನೆಯದು 120ಕ್ಕೆ ಬರುತ್ತದೆ. ಫೇಲಾದವನು 'ದಮ್ ಸಾಲಲಿಲ್ಲ ಅಣ್ಣ' ಅನ್ನುತ್ತಾನೆ. ದಮ್ ಇತ್ತು ಮಾರಾಯ, ಅದನ್ನು ಮೊದಲ ಸುತ್ತಿನಲ್ಲೇ ಸುರಿದುಬಿಟ್ಟೆ.

ದಮ್ ಕಟ್ಟುವುದಕ್ಕೆ ನೀವು ಹಿಡಿದಿರುವ ದಾರಿಯೂ ಅದೇ ಬಗೆಯದು. ದಿನಾ 1600 ಮೀಟರ್, ದಿನಾ ಸ್ಟಾಪ್‌ವಾಚ್, ದಿನಾ ಪ್ರಾಣ ಹೋಗುವಷ್ಟು ಜೋರು. ಪ್ರತಿ ಬೆಳಗ್ಗೆ ಪರೀಕ್ಷೆ ಬರೆದರೆ ಓದುವುದು ಯಾವಾಗ?

ಇಲ್ಲಿ ನಿಮಗೆ ಒಬ್ಬನ ಕಥೆ ಹೇಳಬೇಕು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯರ್ಡ್ ಅಂತ ಒಬ್ಬನಿದ್ದ. ಶೂ ಕಾರ್ಖಾನೆಯಲ್ಲಿ ಕೆಲಸ, ಅದು ಸಾಲದೆ ಮನೆಮನೆಗೆ ಹಾಲು ಹಾಕುವ ಕೆಲಸ. ಎಷ್ಟು ದೂರ, ಎಷ್ಟು ನಿಧಾನ ಓಡಿದರೆ ಮೈಗೆ ಒಳ್ಳೆಯದು ಅಂತ ವರ್ಷಗಟ್ಟಲೆ ತನ್ನ ಮೈಮೇಲೆಯೇ ಪ್ರಯೋಗ ಮಾಡಿ ನೋಡಿದ. ಆಮೇಲೆ ಸುತ್ತಮುತ್ತಲ ಹುಡುಗರನ್ನು ಕಟ್ಟಿಕೊಂಡು ಓಡಿಸತೊಡಗಿದ. ಅವರಲ್ಲಿ ಪೀಟರ್ ಸ್ನೆಲ್ ಎಂಬವನು 800 ಮೀಟರ್ ಓಟಗಾರ. ಎರಡು ಸುತ್ತು, ಎರಡು ನಿಮಿಷಕ್ಕೂ ಕಡಿಮೆ ಹೊತ್ತಿನ ಓಟ. ಅಂಥವನನ್ನು ಲಿಡಿಯರ್ಡ್ ಭಾನುವಾರ ಗುಡ್ಡದ ರಸ್ತೆಯಲ್ಲಿ 22 ಮೈಲಿ, ಅಂದರೆ 35 ಕಿಲೋಮೀಟರ್ ಓಡಿಸುತ್ತಿದ್ದ. ನೋಡಿದವರು ಇವನಿಗೆ ತಲೆ ಕೆಟ್ಟಿದೆ ಅಂದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದ. ಅದೇ ದಿನ, ಅದೇ ಮೈದಾನದಲ್ಲಿ, ಲಿಡಿಯರ್ಡನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5000 ಮೀಟರ್ ಗೆದ್ದ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಸ್ನೆಲ್ 800 ಮತ್ತು 1500 ಎರಡನ್ನೂ ಬಾಚಿಕೊಂಡ.

ಕಾರಣ ಏನೂ ಮಂತ್ರವಲ್ಲ. ನಾಲ್ಕು ಸುತ್ತಿನ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಉಸಿರಿನ ಆಮ್ಲಜನಕದಿಂದಲೇ ಬರುತ್ತದೆ. ಆ ಆಮ್ಲಜನಕವನ್ನು ಸ್ನಾಯುವಿಗೆ ಮುಟ್ಟಿಸುವ ಕೂದಲೆಳೆಯಂಥ ರಕ್ತನಾಳಗಳು, ಸ್ನಾಯುವಿನೊಳಗೆ ಅದನ್ನು ಉರಿಸುವ ಸಣ್ಣ ಸಣ್ಣ ಒಲೆಗಳು, ಇವು ಹೆಚ್ಚಾಗುವುದು ಬಹಳ ಹೊತ್ತು ನಿಧಾನವಾಗಿ ಓಡಿದಾಗ. ನಿಧಾನ ಅಂದರೆ ಎಷ್ಟು? ಪಕ್ಕದಲ್ಲಿ ಓಡುವವನಿಗೆ ನಿನ್ನೆ ರಾತ್ರಿಯ ಮ್ಯಾಚಿನ ಕಥೆಯನ್ನು ಏದುಸಿರಿಲ್ಲದೆ ಹೇಳಲು ಆಗಬೇಕು, ಅಷ್ಟು. ಆರೂವರೆ ನಿಮಿಷದ ಗುರಿ ಇಟ್ಟುಕೊಂಡ ಹುಡುಗನಿಗೆ ಅದು ಕಿಲೋಮೀಟರಿಗೆ ಹೆಚ್ಚುಕಡಿಮೆ ಆರೂವರೆ ನಿಮಿಷ. ನಾಚಿಕೆ ಆಗುವಷ್ಟು ನಿಧಾನ. ನನ್ನ ಟೋಪಿ ಪಕ್ಕದಲ್ಲೇ ಕಾಣುವಷ್ಟು ನಿಧಾನ.

ವಾರದಲ್ಲಿ ನಾಲ್ಕು ದಿನ ಹೀಗೆ ಓಡಿ, ಅದರಲ್ಲಿ ಒಂದು ದಿನ ಉದ್ದ. ಎಂಟು ಕಿಲೋಮೀಟರಿನಿಂದ ಶುರುಮಾಡಿ ಮೆಲ್ಲಗೆ ಹನ್ನೆರಡಕ್ಕೆ ಏರಿಸಿ. ಒಂದು ದಿನ, ಹೆಚ್ಚೆಂದರೆ ಎರಡು ದಿನ ಜೋರು: 400 ಮೀಟರನ್ನು 95 ಸೆಕೆಂಡಿನಂತೆ ಆರು ಸಲ, ನಡುನಡುವೆ ಎರಡು ನಿಮಿಷ ನಡಿಗೆ. ಒಂದು ದಿನ ಪೂರ್ತಿ ಬಿಡುವು. ಬಿಡುವು ಅಂದರೆ ಬಿಡುವೇ, ಆವತ್ತು ವಾಲಿಬಾಲ್ ಟೂರ್ನಮೆಂಟ್ ಇಟ್ಟುಕೊಳ್ಳಬೇಡಿ.

ಲಿಡಿಯರ್ಡನ ಕಥೆ ಅಲ್ಲಿಗೆ ಮುಗಿಯಲಿಲ್ಲ, ನನಗೆ ಅವನು ಇಷ್ಟವಾಗುವುದೇ ಮುಂದಿನ ಭಾಗಕ್ಕಾಗಿ. 1960ರ ದಶಕದ ಆರಂಭದಲ್ಲಿ ಅವನು ಹೃದಯಾಘಾತ ಆಗಿದ್ದವರನ್ನೂ ಹೊಟ್ಟೆ ಬಂದ ವ್ಯಾಪಾರಿಗಳನ್ನೂ ಸೇರಿಸಿಕೊಂಡು ಮೆಲ್ಲಗೆ ಓಡಿಸತೊಡಗಿದ. ಹಾಗೆ ಆಕ್ಲೆಂಡಿನಲ್ಲಿ ಒಂದು ಜಾಗಿಂಗ್ ಕ್ಲಬ್ ಹುಟ್ಟಿತು. ಅಮೆರಿಕದ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಬಂದಿದ್ದಾಗ ಆ ಗುಂಪಿನ ಜೊತೆ ಓಡಲು ಹೋಗಿ, ತನಗಿಂತ ಹಿರಿಯರ ಸಮಕ್ಕೆ ಬರಲಾಗದೆ ಹಿಂದೆ ಬಿದ್ದ. ಊರಿಗೆ ಹೋದವನೇ ಅಲ್ಲಿ ಜಾಗಿಂಗ್ ಶುರುಮಾಡಿಸಿ, 1967ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಮುಂದೆ ನೈಕಿ ಆದ ಕಂಪನಿಯನ್ನು ಕಟ್ಟಿದ ಇಬ್ಬರಲ್ಲಿ ಅವನೂ ಒಬ್ಬ. ಒಲಿಂಪಿಕ್ ಚಿನ್ನ ತಂದ ಓಟ, ಮುದುಕರು ಖುಷಿಗೆ ಓಡಿದ ಓಟ, ಎರಡೂ ಒಬ್ಬನೇ ಗುರುವಿನ ಕೈಯಲ್ಲಿ ಬೆಳೆದವು. ಪರೀಕ್ಷೆಗೆ ಒಂದು ಓಟ, ಖುಷಿಗೆ ಇನ್ನೊಂದು ಓಟ ಅಂತ ನೀವು ಗೆರೆ ಎಳೆಯುತ್ತೀರಲ್ಲ, ಆ ಗೆರೆಯನ್ನು ಲಿಡಿಯರ್ಡ್ ಎಳೆಯಲೇ ಇಲ್ಲ.

ಇನ್ನು ನೋವಿನ ವಿಷಯ. ನಮ್ಮಲ್ಲಿ ಬರವಣಿಗೆ ಪರೀಕ್ಷೆ ಮೊದಲು, ದೈಹಿಕ ಪರೀಕ್ಷೆ ಆಮೇಲೆ. ಆದ್ದರಿಂದ ಬರವಣಿಗೆಯಲ್ಲಿ ಪಾಸಾದೆ ಅಂತ ಗೊತ್ತಾದ ಮೇಲೆ ಶೂ ಹುಡುಕುವವರೇ ಹೆಚ್ಚು. ಕೈಯಲ್ಲಿರುವುದು ಕೆಲವು ವಾರ. ಎರಡು ವಾರ ಚೆನ್ನಾಗಿರುತ್ತದೆ, ಉಸಿರು ಹಿಡಿತಕ್ಕೆ ಬರುತ್ತದೆ, ಹುರುಪು ಏರುತ್ತದೆ. ಮೂರನೆಯದೋ ನಾಲ್ಕನೆಯದೋ ವಾರಕ್ಕೆ ಸರಿಯಾಗಿ ಮೊಣಕಾಲ ಕೆಳಗೆ, ಎಲುಬಿನ ಒಳಅಂಚಿನ ಉದ್ದಕ್ಕೂ ನೋವು. ನೀವು ಅದನ್ನು ಶಿನ್ ಪೇನ್ ಅನ್ನುತ್ತೀರಿ, ಪ್ರತಿ ನೇಮಕಾತಿ ಹೊತ್ತಿನಲ್ಲೂ ಗುಂಪಿನಲ್ಲಿ ಕೆಲವರು ಅದರಿಂದಲೇ ಕುಂಟುತ್ತಿರುತ್ತಾರೆ. ಹೃದಯ, ಶ್ವಾಸಕೋಶ ಬೇಗ ಪಳಗುತ್ತವೆ. ಎಲುಬು, ಸ್ನಾಯುಬಂಧಗಳು ಪಳಗಲು ತಿಂಗಳುಗಳು ಬೇಕು. ಉಸಿರು ಓಡು ಅನ್ನುತ್ತಿರುತ್ತದೆ, ಎಲುಬು ತಾಳು ಅನ್ನುತ್ತಿರುತ್ತದೆ, ನೀವು ಉಸಿರಿನ ಮಾತು ಕೇಳುತ್ತೀರಿ.

ಶಿನ್ ಪೇನ್ ಉದ್ದಕ್ಕೆ ಹರಡಿಕೊಂಡಿದ್ದರೆ, ಓಡಲು ಶುರುಮಾಡಿದಾಗ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾದರೆ, ದೂರವನ್ನು ಅರ್ಧಕ್ಕೆ ಇಳಿಸಿ, ಡಾಂಬರು ಬಿಟ್ಟು ಮಣ್ಣಿನ ಗಾಡಿ ದಾರಿ ಹಿಡಿಯಿರಿ. ಕಡಿಮೆಯಾಗದಿದ್ದರೆ ಎರಡು ವಾರ ಸೈಕಲ್ ತುಳಿಯಿರಿ, ಉಸಿರು ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ನೋವು ಬೆರಳ ತುದಿಯಷ್ಟು ಜಾಗದಲ್ಲಿ ಒಂದೇ ಕಡೆ ಇದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅದು ಎಲುಬಿನ ಕೂದಲೆಳೆ ಬಿರುಕಾಗಿರಬಹುದು. ಅದರ ಮೇಲೆ ಎಣ್ಣೆ ಹಾಕಿ ತಿಕ್ಕಿಸಬೇಡಿ, ಉಳುಕು ತೆಗೆಯುವವರ ಹತ್ತಿರ ಹೋಗಬೇಡಿ, ಪುತ್ತೂರು ಕಟ್ಟು ಕಟ್ಟಿಸಿಕೊಂಡು ಮೂರನೇ ದಿನ ಓಡಬೇಡಿ. ಮೂಳೆ ವೈದ್ಯರಿಗೆ ತೋರಿಸಿ. ಮೊದಲ ಒಂದೆರಡು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರುವುದೂ ಉಂಟು, 'ಎಕ್ಸ್‌ರೇ ನಾರ್ಮಲ್' ಅಂದಾಕ್ಷಣ ಮೈದಾನಕ್ಕೆ ಹಾರಬೇಡಿ. ಆರೆಂಟು ವಾರ ಬಿಟ್ಟರೆ ತಾನಾಗಿ ಕೂಡಿಕೊಳ್ಳುತ್ತದೆ. ಬಿಡದಿದ್ದರೆ ಬಿರುಕು ಮುರಿತವಾಗುತ್ತದೆ.

ಉಳಿದವು ಸಣ್ಣವು. ಬೆಳಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆಯೇ? ಪಾದದಡಿಯ ನಾರು ಕೆರಳಿದೆ. ನೀರು ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಪಾದದಡಿ ಉರುಳಿಸಿ, ಮೀನಖಂಡವನ್ನು ಎಳೆದು ಸಡಿಲಿಸಿ, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ. ಹಿಮ್ಮಡಿಯ ಮೇಲಿನ ದಪ್ಪ ನಾರು ನೋಯುತ್ತಿದ್ದರೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವ ವ್ಯಾಯಾಮ ಇದೆ, ಹದಿನೈದರಂತೆ ಮೂರು ಸಲ, ಬೆಳಗ್ಗೆ ಸಂಜೆ, ಮೂರು ತಿಂಗಳು. ಬೇಸರದ ಕೆಲಸ, ಆದರೆ ಕೆಲಸ ಮಾಡುತ್ತದೆ. ಮಂಡಿಚಿಪ್ಪಿನ ಸುತ್ತ ನೋವು, ಅದೂ ಇಳಿಜಾರಿನಲ್ಲಿ ಹೆಚ್ಚು ಅಂದರೆ ತೊಡೆ, ಸೊಂಟದ ಸ್ನಾಯುವಿಗೆ ಬಲ ಸಾಲದು, ಬಸ್ಕಿ ಹೊಡೆಯಿರಿ. ಹಾಗೇ, ಯಾವಾಗಲೂ ರಸ್ತೆಯ ಒಂದೇ ಅಂಚಿನಲ್ಲಿ ಓಡುತ್ತೀರಾ ನೋಡಿಕೊಳ್ಳಿ. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ವಾಲುತ್ತವೆ, ಒಂದು ಕಾಲು ದಿನಾ ತಗ್ಗಿನಲ್ಲೇ ಬೀಳುತ್ತದೆ. ಬೊಬ್ಬೆ ಬಂದರೆ ಮೇಲಿನ ಚರ್ಮ ಕಿತ್ತುಹಾಕಬೇಡಿ, ಅದಕ್ಕಿಂತ ಒಳ್ಳೆಯ ಪಟ್ಟಿ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಕಾಲುಬೆರಳ ಉಗುರು ಕಪ್ಪಾದರೆ ಶೂ ಚಿಕ್ಕದು. ತೊಡೆ ಸಂದಿ ಉಜ್ಜಿ ಉರಿಯುತ್ತಿದ್ದರೆ ವ್ಯಾಸಲೀನು. ಹುಡುಗರು ಇದನ್ನು ಕೇಳಲು ನಾಚಿಕೊಂಡು ವಾರಗಟ್ಟಲೆ ಕಾಲು ಅಗಲಿಸಿ ನಡೆಯುತ್ತೀರಿ, ಅದಕ್ಕೇ ಬರೆದೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಓಡುವ ಮುಂಚೆ ನೋವಿನ ಮಾತ್ರೆ ನುಂಗುವುದು, ಪರೀಕ್ಷೆಯ ಹಿಂದಿನ ದಿನ ಯಾರೋ ಕೊಟ್ಟ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು, 'ಸ್ಟ್ಯಾಮಿನಾ ಪೌಡರ್' ಕಲಸಿ ಕುಡಿಯುವುದು, ಇವನ್ನೆಲ್ಲ ಬಿಡಿ. ಬೆವರಿ ನೀರು ಇಂಗಿದ ಮೈಯಲ್ಲಿ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ನೋವನ್ನು ಮುಚ್ಚಿ ಓಡಿದರೆ ಎಲುಬು ಎಷ್ಟು ಬಿರಿಯಿತು ಅಂತ ಗೊತ್ತೇ ಆಗುವುದಿಲ್ಲ. 2024ರಲ್ಲಿ ಜಾರ್ಖಂಡಿನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ 10 ಕಿಲೋಮೀಟರ್ ಓಡಿಸಿದರು. ಹತ್ತಕ್ಕೂ ಹೆಚ್ಚು ಹುಡುಗರು ಸತ್ತರು. ನಿಮ್ಮ ಹಾಗೆಯೇ ನೌಕರಿಯ ಆಸೆಗೆ ಬಂದವರು. ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಬಿಸಿಲಲ್ಲಿ ಬೆವರು ನಿಂತು ಚಳಿ ಹತ್ತಿದರೆ, ಅಲ್ಲೇ ಕೂತುಬಿಡಿ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿದ್ದರೆ ಓಡಲು ಶುರುಮಾಡುವ ಮುಂಚೆ ಒಂದು ಇಸಿಜಿ ಮಾಡಿಸಿ.

ಶೂ ಬಗ್ಗೆ ನಿಮಗೆ ಇರುವಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಉತ್ತರ ಮಾತ್ರ ಚಿಕ್ಕದು. ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಇರಲಿ. ಹಾಕಿಕೊಂಡು ಅಂಗಡಿಯ ಮುಂದೆಯೇ ಓಡಿ ನೋಡಿ, ಅಂಗಡಿಯವನು ನಕ್ಕರೆ ನಗಲಿ. ಮೊದಲ ದಿನ ಹಿತವಾಗಿಲ್ಲದ ಶೂ ತಿಂಗಳಾದ ಮೇಲೂ ಹಿತವಾಗುವುದಿಲ್ಲ. 500ರಿಂದ 800 ಕಿಲೋಮೀಟರಿಗೆ ಒಳಗಿನ ಮೆತ್ತೆ ಸತ್ತುಹೋಗುತ್ತದೆ, ಮೇಲೆ ಹೊಸದರ ಹಾಗೆ ಕಂಡರೂ ಅಷ್ಟೇ. ಅದೇ ಶೂವಿನಲ್ಲಿ ತೋಟಕ್ಕೆ ನೀರು ಕಟ್ಟಲು ಹೋಗಬೇಡಿ. ಹತ್ತಿಯ ಕಾಲುಚೀಲ ಬೆವರು ಹೀರಿ ಬೊಬ್ಬೆ ತರಿಸುತ್ತದೆ, ಬೆವರು ಆರುವ ನೈಲಾನ್ ಬಗೆಯದು ವಾಸಿ. ಒಲಿಂಪಿಕ್ ಓಟಗಾರರು ಹಾಕುವ ಕಾರ್ಬನ್ ತಗಡಿನ ಶೂಗೆ ನಿಮ್ಮಪ್ಪ ರೇಷ್ಮೆಗೂಡು ಮಾರಿದ ದುಡ್ಡು ಕೇಳಬೇಡಿ. ಎಲಿಯುಡ್ ಕಿಪ್‌ಚೊಗೆ 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿಗೆ ಓಡಿದ್ದು ಅಂಥ ಶೂನಲ್ಲಿ, ನಿಜ. ಕಿಪ್‌ಚೊಗೆಯ ಕಾಲು ಆ ಡಬ್ಬಿಯೊಳಗೆ ಬರುವುದಿಲ್ಲ.

ಬರಿಗಾಲ ವಾದವನ್ನೂ ಕೇಳಿದ್ದೇನೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದ. ನಮ್ಮ ಶಿವನಾಥ್ ಸಿಂಗ್ ಕೂಡ ಬರಿಗಾಲಿಗೇ ಹೆಸರಾಗಿದ್ದವರು. 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನಿನಲ್ಲಿ 11ನೆಯವರಾಗಿ ಬಂದರು, 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿ ಬರೆದ ರಾಷ್ಟ್ರೀಯ ದಾಖಲೆಯನ್ನು ದಶಕಗಟ್ಟಲೆ ಯಾರಿಗೂ ಮುಟ್ಟಲಾಗಲಿಲ್ಲ. ಅವರು ಹುಟ್ಟಿದಾಗಿನಿಂದ ಬರಿಗಾಲಲ್ಲಿ ಬೆಳೆದವರು. ನೀವು ಎಲ್‌ಕೆಜಿಯಿಂದ ಶೂ ಹಾಕಿದವರು. ನಿಮ್ಮ ರಸ್ತೆಯಲ್ಲಿ ಬೀರ್ ಬಾಟಲಿ ಚೂರಿದೆ.

ಊಟದ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಒಂದು ಚೂರು ಮಾತ್ರ. ಮುದ್ದೆ, ಹುರುಳಿ ಸಾರು, ಕಾಲದಲ್ಲಿ ಅವರೆಕಾಳು, ಆದರೆ ಒಂದು ಮೊಟ್ಟೆ. ಓಡುವ ಮುಂಚೆ ಒಂದು ಬಾಳೆಹಣ್ಣು, ಬಂದ ಮೇಲೆ ಉಪ್ಪು ಹಾಕಿದ ಅಂಬಲಿ. ಬಣ್ಣಬಣ್ಣದ ಡಬ್ಬಿ ಬೇಡ.

ತಂಗಿಯರೇ, ನಿಮ್ಮದು ಬೇರೆಯೇ ಲೆಕ್ಕ. ಕಾನ್‌ಸ್ಟೆಬಲ್ ಪರೀಕ್ಷೆಗೆ ನಿಮಗೆ ಇಟ್ಟಿರುವುದು 400 ಮೀಟರ್, 2 ನಿಮಿಷ. ಹೆಣ್ಣುಮಕ್ಕಳಿಗೆ ಇಷ್ಟು ಸಾಕು ಎಂಬ ಈ ಅಂದಾಜು ಯಾರದ್ದೋ ತಿಳಿಯದು. ಬೆಟ್ಟದ ತಪ್ಪಲಿನಿಂದ ಸೌದೆ ಹೊರೆ ಹೊತ್ತು ತಂದ ನಿಮ್ಮ ಅಜ್ಜಿಯರನ್ನು ಕೇಳಿದ್ದರೆ ಬೇರೆ ಅಂಕಿ ಹೇಳುತ್ತಿದ್ದರು. ಒಲಿಂಪಿಕ್ಸಿನಲ್ಲೇ ಹೆಂಗಸರಿಗೆ ಮ್ಯಾರಥಾನ್ ಇಟ್ಟಿದ್ದು 1984ರಲ್ಲಿ. ಅಲ್ಲಿಯವರೆಗೆ ಅಷ್ಟು ದೂರ ಓಡಿದರೆ ಹೆಣ್ಣಿನ ಮೈ ಕೆಡುತ್ತದೆ ಅಂತ ದೊಡ್ಡ ದೊಡ್ಡವರೇ ನಂಬಿಕೊಂಡಿದ್ದರು. ನಿಮ್ಮಲ್ಲಿ ಕೆಲವರು 400 ಮೀಟರ್ ದಾಟಿ ಐದು ಕಿಲೋಮೀಟರ್ ಸಲೀಸಾಗಿ ಓಡುವುದನ್ನು ನಾನೇ ಹಿಂದಿನಿಂದ ನೋಡಿದ್ದೇನೆ, ಮುಂದಿನಿಂದ ನೋಡುವ ವೇಗ ನನಗಿಲ್ಲ. ಬೇಗ ಸುಸ್ತಾಗುತ್ತಿದ್ದರೆ ದಮ್ ಇಲ್ಲ ಅಂದುಕೊಳ್ಳುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಓಡುವಾಗ ಹಾಕುವ ಗಟ್ಟಿಯಾದ ಸ್ಪೋರ್ಟ್ಸ್ ಬ್ರಾ ಶೂವಿನಷ್ಟೇ ಮುಖ್ಯ, ಮನೆಯಲ್ಲಿ ದುಡ್ಡು ಕೇಳುವಾಗ ಎರಡನ್ನೂ ಒಟ್ಟಿಗೆ ಕೇಳಿ. ಮದುವೆ ಗೊತ್ತಾದ ಕೂಡಲೇ ನೀವು ರಸ್ತೆಯಿಂದ ಮಾಯವಾಗುತ್ತೀರಿ. ಇದಕ್ಕೆ ನಿಮ್ಮನ್ನು ಬೈದು ಉಪಯೋಗವಿಲ್ಲ. ಈ ಪತ್ರ ಓದುವ ತಮ್ಮಂದಿರಿಗೆ ಹೇಳುತ್ತೇನೆ: ಓಡುವ ಹುಡುಗಿಯನ್ನು ಮದುವೆಯಾದರೆ ಬೆಳಗ್ಗೆ ಅವಳು ಓಡಿ ಬರುವಷ್ಟು ಹೊತ್ತು ಒಲೆ ಮುಂದೆ ನೀವು ನಿಲ್ಲಿ.

ಕತ್ತಲಲ್ಲಿ ಒಬ್ಬೊಬ್ಬರೇ ಹೋಗಬೇಡಿ. ಹೆಣ್ಣುಮಕ್ಕಳಿಗಷ್ಟೇ ಹೇಳುವ ಮಾತಲ್ಲ ಇದು. 2020ರ ಮೇ ತಿಂಗಳಲ್ಲಿ ನಮ್ಮ ಮಾಗಡಿ ತಾಲ್ಲೂಕಿನಲ್ಲೇ ಚಿರತೆ ಬಾಯಿಗೆ ಜೀವಗಳು ಹೋದವು, ಅದರಲ್ಲಿ ಒಂದು ಪುಟ್ಟ ಮಗು. ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ಓಡುವವರಿಗೆ ಆನೆಯ ಭಯ ಬೇರೆ. ನಾಲ್ಕು ಜನ ಸೇರಿ, ಮಾತಾಡುತ್ತಾ, ಬೆಳಕು ಹಿಡಿದು ಓಡಿ. ಬೆಳಗಾದ ಮೇಲೆ ಹೊರಟರಂತೂ ಇನ್ನೂ ವಾಸಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ ಹಿಂದಿನಿಂದ ಬರುವ ಜಲ್ಲಿ ಟಿಪ್ಪರ್ ಕೇಳಿಸುವುದಿಲ್ಲ. ಎದುರಿಗೆ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಗೆ ಓಡಿ, ವಾಲು ಇರುವ ಕಡೆ ಮಣ್ಣಿಗಿಳಿಯಿರಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ತೆನೆ ಹರಡಿರುತ್ತಾರೆ, ತುಳಿದುಕೊಂಡು ಹೋಗಬೇಡಿ, ಜಾರಿ ಬಿದ್ದರೆ ಬೈಗುಳವೂ ಜೊತೆಗೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ. ಓಟಗಾರರಿಗೆ ಹೇಳಲು ವಿಚಿತ್ರವಾದ ಮಾತು, ಆದರೂ.

ಬರಿಗಾಲ ಮಾತು ಬಂದಾಗಲೇ ನಿಮಗೆ ಇನ್ನೊಬ್ಬರ ಹೆಸರು ಹೇಳಬೇಕಿತ್ತು. ಪಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿಯವರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಗಾಡಿನ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದರು. ಇವರನ್ನು ಒಲಿಂಪಿಕ್ಸಿಗೆ ಯಾಕೆ ಕಳಿಸಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತು. ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪಿಗೆ ಹೋದ ಪುಟ್ಟ ತಂಡದಲ್ಲಿ ಚೌಗುಲೆ ಇದ್ದರು. ಮ್ಯಾರಥಾನಿನಲ್ಲಿ 19ನೆಯವರಾಗಿ ಬಂದರು, 2 ಗಂಟೆ 50 ನಿಮಿಷ ಚಿಲ್ಲರೆಗೆ. ಆ ವರ್ಷ ಓಟದ ದೂರ ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚಿತ್ತು. ಅವರಿಗೆ ಜಿಪಿಎಸ್ ಗಡಿಯಾರ ಇರಲಿಲ್ಲ, ಜೆಲ್ ಪೊಟ್ಟಣ ಇರಲಿಲ್ಲ, ಗೆದ್ದರೆ ನೌಕರಿ ಕೊಡುತ್ತೇವೆ ಅಂತ ಯಾರೂ ಹೇಳಿರಲಿಲ್ಲ. ಕರ್ನಾಟಕದ ಈ ಓಟಗಾರನ ಹೆಸರನ್ನು ನಿಮ್ಮ ಕೋಚಿಂಗ್ ಸೆಂಟರಿನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಹುಡುಕಿ ನೋಡಿ, ಸಿಕ್ಕಿದರೆ ನನಗೂ ತೋರಿಸಿ.

ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಕೆಂಪಾಪುರದಲ್ಲಿದೆ ಎಂಬ ಸುದ್ದಿ 2015ರಲ್ಲಿ ಬೆಳಕಿಗೆ ಬಂದ ಮೇಲೆ ಹೊರಗಿನವರು ನೋಡಲು ಬರುತ್ತಾರೆ. ಮಂತ್ರಿಗಳು ಬಂದರು, ಅಭಿವೃದ್ಧಿಯ ಮಾತಾಯಿತು. ಅಲ್ಲಿ ಏನೇನು ಕಟ್ಟುತ್ತಾರೋ ಕಟ್ಟಲಿ, ಅದರ ಜೊತೆಗೆ 400 ಮೀಟರಿನ ಒಂದು ಮಣ್ಣಿನ ಸುತ್ತು ಹಾಕಿಸಿಕೊಡಿ ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡೋಣ. ಸಿಂಥೆಟಿಕ್ ಬೇಡ, ಉದ್ಘಾಟನೆಗೆ ಸೆಲೆಬ್ರಿಟಿ ಬೇಡ. ಮಟ್ಟ ಮಾಡಿದ ಮಣ್ಣು, ನಾಲ್ಕು ಕಡೆ ಸುಣ್ಣದ ಗೆರೆ, ಎರಡು ದೀಪ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ, ನಲ್ಲಿ ನೀರು. ಅರ್ಜಿಯನ್ನು ನಾನು ಬರೆದಿಟ್ಟಿದ್ದೇನೆ, ಸಹಿ ನಿಮ್ಮವು ಬೇಕು. ಕಾನ್‌ಸ್ಟೆಬಲ್ ಆಗಿ ಬೇರೆ ಊರಿನಲ್ಲಿರುವ ಹಳೆಯ ಹುಡುಗರೇ, ಹಬ್ಬಕ್ಕೆ ಬಂದಾಗ ನೀವೂ ಹಾಕಿ. ನಿಮ್ಮ ಸಹಿಗೆ ಪಂಚಾಯಿತಿಯಲ್ಲಿ ನನ್ನದಕ್ಕಿಂತ ಹೆಚ್ಚು ಬೆಲೆ.

ಅದಾಗುವವರೆಗೆ ಕೆರೆ ಏರಿ ಇದೆ. ಈ ಭಾನುವಾರದಿಂದ ಆರು ಗಂಟೆಗೆ, ಪೂರ್ತಿ ಬೆಳಕಾದ ಮೇಲೆ, ಏರಿಯ ಊರ ಕಡೆಯ ತುದಿಯಲ್ಲಿ ಸೇರೋಣ. ಎಂಟು ಕಿಲೋಮೀಟರ್, ಮಾತಾಡಿಕೊಂಡು. ಮುಂದೆ ಹೋಗುವವರು ತಿರುಗಿ ಬಂದು ಹಿಂದಿನವರನ್ನು ಕರೆದುಕೊಂಡು ಹೋಗಬೇಕು. ಸ್ಟಾಪ್‌ವಾಚ್ ಮನೆಯಲ್ಲಿ ಬಿಟ್ಟು ಬನ್ನಿ. ನೇಮಕಾತಿ ವಯಸ್ಸು ಮೀರಿದವರು, ಲಿಸ್ಟಿನಲ್ಲಿ ಹೆಸರು ಬಾರದವರು, ಬಂದು ರಜೆಯಲ್ಲಿರುವವರು, ನಿಮ್ಮ ಅಪ್ಪ ಅಮ್ಮ, ಯಾರು ಬೇಕಾದರೂ ಬರಬಹುದು. ಬಾಳೆಹಣ್ಣು ನಾನು ತರುತ್ತೇನೆ, ನೀರು ನಿಮ್ಮ ನಿಮ್ಮದು.

ಇಂತಿ,
ನಿಮ್ಮ ಹಿಂದೆ ಓಡುವ ಟೋಪಿಯಣ್ಣ